ಬಾಯಿ ಅವನದು, ಮಾತು ನನ್ನದು

ಬೂತಿನ ಒಳಗೆ ಹೋಗುವ ಮೊದಲು ಗಡಿಯಾರ ಬಿಚ್ಚಿಡಬೇಕು. ಕಿಸೆಯ ಚಿಲ್ಲರೆ, ಬೀಗದ ಕೈ, ಮೊಬೈಲು ಎಲ್ಲ ಹೊರಗೆ. ಗಂಜಿ ಹಾಕಿದ ಶರ್ಟು ನಡೆಯುವುದಿಲ್ಲ, ಕೈ ಎತ್ತಿದರೆ ಸರಸರ ಅನ್ನುತ್ತದೆ. ಮೊದಲ ದಿನ ನನಗೆ ಇದೆಲ್ಲ ಗೊತ್ತಿರಲಿಲ್ಲ. ಮದುವೆ ಊಟಕ್ಕೆ ಹೊರಟವನ ಹಾಗೆ ಗರಿಗರಿ ಬಿಳಿ ಶರ್ಟು ಹಾಕಿಕೊಂಡು ಹೋಗಿದ್ದೆ. ಗಾಜಿನ ಆಚೆ ಕೂತಿದ್ದ ರೆಕಾರ್ಡಿಂಗ್ ಹುಡುಗ ಹೆಡ್‌ಫೋನ್ ಕಿವಿಗೆ ಒತ್ತಿಕೊಂಡು ಕೇಳಿದ, “ಅಂಕಲ್, ಅಂದರ್ ಚಿಪ್ಸ್ ಖಾ ರಹೇ ಹೋ ಕ್ಯಾ?”

ಶರ್ಟು ಬಿಚ್ಚಿಟ್ಟು ಬನಿಯನ್ನಿನಲ್ಲಿ ನಿಂತೆ. ಆಮೇಲೆ ಹೊಟ್ಟೆ ಗುರುಗುಟ್ಟಿತು. ಹೆದರಿಕೆಗೆ ಬೆಳಿಗ್ಗೆ ಏನೂ ತಿಂದಿರಲಿಲ್ಲ. ಆ ಮೈಕಿಗೆ ಅದೂ ಕೇಳುತ್ತದೆ. ಹುಡುಗ ಸೋಫಾದ ಮೇಲಿದ್ದ ದಿಂಬು ತಂದುಕೊಟ್ಟ. ಹೀಗೆ, ಅರುವತ್ತು ತುಂಬಿದ ನಾನು ಅಂಧೇರಿಯ ಒಂದು ಕತ್ತಲೆ ಕೋಣೆಯಲ್ಲಿ, ಬನಿಯನ್ನಿನಲ್ಲಿ, ಹೊಟ್ಟೆಗೆ ದಿಂಬು ಅವುಚಿಕೊಂಡು ಒಬ್ಬ ಬಿಳಿಯ ನಟನ ಬಾಯಿಗೆ ಕನ್ನಡ ತುಂಬಲು ಶುರು ಮಾಡಿದೆ.

ಸಿನಿಮಾದ ಹೆಸರು ಹೇಳುವುದಿಲ್ಲ. ಹೇಳುವಂತಿಲ್ಲ ಅಂತ ಕಾಗದಕ್ಕೆ ಸಹಿ ಹಾಕಿದ್ದೇನೆ. ಕತೆ ಮಾತ್ರ ಸರಳ. ಒಬ್ಬ ನಟ. ಒಂದು ಕಾಲದಲ್ಲಿ ಟಿವಿ ಧಾರಾವಾಹಿಯಲ್ಲಿ ಡಾಕ್ಟರ್ ಪಾತ್ರ ಮಾಡಿ ಮನೆಮನೆಗೂ ಗೊತ್ತಾದವನು. ಈಗ ಅಂಗಡಿ ಉದ್ಘಾಟನೆಗೆ ಕರೆದರೂ ಹೋಗುತ್ತಾನೆ. ಮಗ ಸರಿಯಾಗಿ ಮಾತಾಡುವುದಿಲ್ಲ. ಇನ್ನೊಮ್ಮೆ ಎದ್ದು ನಿಲ್ಲಬೇಕು, ಒಂದೇ ಒಂದು ಒಳ್ಳೆ ಪಾತ್ರ ಸಿಗಬೇಕು ಅಂತ ಊರೆಲ್ಲ ಅಲೆಯುತ್ತಾನೆ. ಸ್ಟುಡಿಯೋದಲ್ಲಿ ಅವನಿಗೆ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ‘ಬುಡ್ಢಾ’, ಅಂದರೆ ಮುದುಕ ಅನ್ನುತ್ತಿದ್ದರು. “ಬುಡ್ಢಾ ಕಾ ರೀಲ್ ಟೂ ಲಗಾವ್.” ನನ್ನನ್ನು ಅಂಕಲ್ ಅನ್ನುತ್ತಿದ್ದರು. ಅಷ್ಟು ವ್ಯತ್ಯಾಸ ಇತ್ತು.

ನಾನು ಮಂಕಾದ ನಟ ಅಂತ ಹೇಳಿಕೊಂಡರೆ ಅತಿಯಾಗುತ್ತದೆ. ಬೆಳಗಿದ್ದರೆ ತಾನೆ ಮಂಕಾಗೋದು! 1977ರಲ್ಲಿ, ಹದಿನಾಲ್ಕನೇ ವಯಸ್ಸಿನಲ್ಲಿ ಕುಂದಾಪುರದಿಂದ ಮುಂಬಯಿಗೆ ಬಂದವನು ನಾನು. ಹಗಲು ಕೋಟೆ ಪ್ರದೇಶದಲ್ಲಿದ್ದ ಮಾವನ ಹೋಟೆಲಿನಲ್ಲಿ ಕೆಲಸ, ಸಂಜೆ ಕನ್ನಡ ರಾತ್ರಿ ಶಾಲೆ. ನಮ್ಮ ಕಡೆಯ ಎಷ್ಟೋ ಹುಡುಗರು ಹಾಗೆಯೇ ಓದಿದ್ದು. ಬೆಂಚಿನ ಮೇಲೆ ಕೂತರೆ ಅಂಗಿಯಿಂದ ಇಡೀ ದಿನದ ಸಾಂಬಾರಿನ ವಾಸನೆ. ಆಮೇಲೆ ಬಲ್ಲಾರ್ಡ್ ಎಸ್ಟೇಟಿನ ಒಂದು ಹಡಗು ಕಂಪನಿಯಲ್ಲಿ ಗುಮಾಸ್ತನಾದೆ. ನಾಟಕ ಹಚ್ಚಿಕೊಂಡದ್ದು ರಾತ್ರಿ ಶಾಲೆಯ ವಾರ್ಷಿಕೋತ್ಸವದಿಂದ. ಅಲ್ಲಿಂದ ಮಾಟುಂಗದ ಮೈಸೂರು ಅಸೋಸಿಯೇಶನ್ನಿನ ವೇದಿಕೆಗೆ ಬಂದೆ. 1926ರಲ್ಲಿ ಹುಟ್ಟಿದ ಸಂಸ್ಥೆ ಅದು, ಮುಂಬಯಿಯಲ್ಲಿ ಕನ್ನಡ ನಾಟಕ ಆಡಿದವರು ಒಂದಲ್ಲ ಒಂದು ದಿನ ಅಲ್ಲಿ ಬಣ್ಣ ಹಚ್ಚಿರುತ್ತಾರೆ. ಎರಡು ಸಲ ಸ್ಪರ್ಧೆಯಲ್ಲಿ ಅತ್ಯುತ್ತಮ ನಟ ಅಂತ ಕಪ್ಪು ಕೊಟ್ಟರು. ನನ್ನ ಸ್ವರ ಮೈಕಿಲ್ಲದೆ ಕೊನೆಯ ಸಾಲಿಗೆ ಮುಟ್ಟುತ್ತಿತ್ತು. ಜನ ಅದನ್ನೇ ಹೊಗಳುತ್ತಿದ್ದರು, ನಾನೂ ಅದನ್ನೇ ನಂಬಿದ್ದೆ. ಕೊನೆಯ ನಾಟಕ 1996ರಲ್ಲಿ. ಡೊಂಬಿವಲಿಗೆ ಮನೆ ಬದಲಾಯಿಸಿದೆವು, ಮಗ ಚಿಕ್ಕವನು, ಅಮ್ಮನಿಗೆ ಹುಷಾರಿರಲಿಲ್ಲ. ರಿಹರ್ಸಲ್ ಮುಗಿಸಿ ಕೊನೆಯ ಲೋಕಲ್ ಹಿಡಿಯುವುದು ಸಾಕಾಯಿತು. ಬಿಟ್ಟೆ ಅಂತಲೂ ಹೇಳಲಿಲ್ಲ. ಸುಮ್ನೆ ನಿಂತು ಹೋಯಿತು.

ರಿಟೈರ್ ಆದ ಮೇಲೆ ಮೊದಲು ಕ್ಯಾಮೆರಾ ಮುಂದೆಯೇ ಪ್ರಯತ್ನ ಮಾಡಿದೆ. ಅದನ್ನು ಬೇಗ ಹೇಳಿ ಮುಗಿಸುತ್ತೇನೆ, ಹೇಳಲು ಜಾಸ್ತಿ ಇಲ್ಲ. ವರ್ಸೋವಾದ ಆರಾಮ್ ನಗರ ಅಂತ ಒಂದು ಜಾಗ ಇದೆ. ಹಳೆ ಒಂಟಿ ಮಹಡಿಯ ಮನೆಗಳು, ಮಧ್ಯೆ ಓಣಿ, ಒಂದೊಂದು ಮನೆಯೂ ಒಂದೊಂದು ಕಾಸ್ಟಿಂಗ್ ಆಫೀಸು. ಬಾಗಿಲಲ್ಲಿ ಒಬ್ಬ ಹುಡುಗ ಮುಖ ನೋಡಿಯೇ ‘ಫಿಟ್’ ಅಥವಾ ‘ನಾಟ್ ಫಿಟ್’ ಅಂದುಬಿಡುತ್ತಾನೆ. ಅಷ್ಟೇ, ಮುಂದಿನ ಬಾಗಿಲು. ‘ಫಿಟ್’ ಆದರೆ ಕ್ಯಾಮೆರಾ ಮುಂದೆ ನಿಂತು ಹೆಸರು, ವಯಸ್ಸು, ಎತ್ತರ ಹೇಳಬೇಕು. ಎಡಗಡೆ ತಿರುಗಿ, ಬಲಗಡೆ ತಿರುಗಿ, ಕೈ ತೋರಿಸಿ. ಪಶುವೈದ್ಯರ ಹತ್ತಿರ ಹೋದ ಹಸುವಿಗೆ ಹೀಗೇ ಅನ್ನಿಸುತ್ತಿರಬೇಕು. ಹನ್ನೊಂದು ಕಡೆ ಹೋದೆ. ಮೂರು ಕಡೆ ‘ಫಿಟ್’. ಮೂರರಲ್ಲೂ ‘ಸೌತ್ ಇಂಡಿಯನ್ ಅಪ್ಪ’. ಹಿಂದಿಯಲ್ಲಿ ಮಾತಾಡಿದೆ. “ಸರ್, ಅದು ಅಲ್ಲ, ಸೌತ್ ಇಂಡಿಯನ್ ಥರ ಮಾತಾಡಿ” ಅಂದರು. ನಾನು ಸೌತ್ ಇಂಡಿಯನ್ನೇ ಮಾರಾಯ, ಹೀಗೇ ಮಾತಾಡೋದು ಅಂದೆ. ಅವರಿಗೆ ಪ್ರತಿ ಮಾತಿಗೂ ‘ಐಯೋ’ ಬೇಕಿತ್ತು. ಕೊಡಲಿಲ್ಲ. ಕೊಟ್ಟಿದ್ದರೂ ತೆಗೆದುಕೊಳ್ಳುತ್ತಿದ್ದರು ಅಂತ ಏನಿಲ್ಲ.

ಆ ಓಣಿಯಲ್ಲಿ ಕಾಯುತ್ತ ಕೂತಾಗ ಪಕ್ಕದಲ್ಲಿ ನನಗಿಂತ ವಯಸ್ಸಾದವರೂ ಇರುತ್ತಿದ್ದರು. ಅವರ ಬಾಯಲ್ಲಿ ಎರಡು ಹೆಸರು ಪದೇ ಪದೇ ಬರುತ್ತಿತ್ತು. ಒಂದು ಭಗವಾನ್ ದಾದಾ. 1951ರಲ್ಲಿ ‘ಅಲಬೇಲಾ’ ಮಾಡಿ ಗೆದ್ದು, ಜುಹುವಿನಲ್ಲಿ ಬಂಗಲೆ, ವಾರದ ಏಳು ದಿನಕ್ಕೆ ಏಳು ಕಾರು ಅನ್ನುವ ಹಾಗೆ ಬದುಕಿ, ಎಲ್ಲ ಕಳೆದುಕೊಂಡು ದಾದರಿನ ಚಾಳಿನಲ್ಲಿ 2002ರಲ್ಲಿ ತೀರಿಹೋದವರು. ನಡುವಿನ ವರ್ಷಗಳಲ್ಲಿ ಸಿಕ್ಕ ಚಿಲ್ಲರೆ ಪಾತ್ರ ಎಲ್ಲ ಮಾಡಿದರು. ಇನ್ನೊಂದು ಎ.ಕೆ. ಹಂಗಲ್. ಅವರು ಸಿನಿಮಾಕ್ಕೆ ಬಂದದ್ದೇ ಐವತ್ತರ ಹತ್ತಿರ. ನಮ್ಮವರು ಅನೇಕರು ಅವರನ್ನು ಹಾವೇರಿಯ ಹಾನಗಲ್ಲಿನವರು ಅಂದುಕೊಂಡಿದ್ದಾರೆ, ನಾನೂ ಅಂದುಕೊಂಡಿದ್ದೆ. ಅವರು ಕಾಶ್ಮೀರಿ ಪಂಡಿತರು. 2012ರಲ್ಲಿ ಗಾಲಿಕುರ್ಚಿಯಲ್ಲಿ ಕೂತೇ ಒಂದು ಧಾರಾವಾಹಿಯಲ್ಲಿ ನಟಿಸಿದರು, ಅದೇ ಆಗಸ್ಟಿನಲ್ಲಿ ಹೋದರು. ಓಣಿಯ ಹಿರಿಯರು ಭಗವಾನ್ ದಾದಾ ಕತೆ ಹೇಳಿದರೆ ಎದುರಿಗಿರುವವನು ಹಂಗಲ್ ಕತೆ ಹೇಳಬೇಕು. ಅದೊಂದು ಲೆಕ್ಕ.

ಧ್ವನಿಯ ಕೆಲಸ ಬಂದದ್ದು ವಾಟ್ಸಾಪಿನಲ್ಲಿ. ನಮ್ಮ ಹಳೆ ನಾಟಕದ ಗುಂಪಿನಲ್ಲಿ ಯಾರೋ ಹಾಕಿದ್ದರು: ‘ಗಂಡು ಧ್ವನಿ, 55 ದಾಟಿರಬೇಕು, ಕನ್ನಡ ಓದಲು ಬರಬೇಕು.’ ಈ ಕೊನೆಯದ್ದೇ ಮುಖ್ಯ. ಮುಂಬಯಿಯಲ್ಲಿ ಕನ್ನಡ ಮಾತಾಡುವವರಿಗೆ ಬರಗಾಲ ಇಲ್ಲ. ಇಲ್ಲೇ ಹುಟ್ಟಿ ಇಂಗ್ಲಿಷ್ ಶಾಲೆಗೆ ಹೋದವರು ಲಿಪಿ ಕಂಡರೆ ಬೆವರುತ್ತಾರೆ. ನನ್ನ ಮಗನೂ ಅಷ್ಟೆ. ರಾತ್ರಿ ಶಾಲೆಯ ಓದು ನಲವತ್ತು ವರ್ಷದ ಮೇಲೆ ಹೀಗೆ ಉಪಯೋಗಕ್ಕೆ ಬಂತು.

ಟೆಸ್ಟನ್ನು ಮನೆಯಿಂದಲೇ ಮಾಡಿ ಕಳಿಸಬೇಕಿತ್ತು. ಮೂರು ತುಣುಕು: ಸಾದಾ ಮಾತು, ಕುಡಿದ ಮಾತು, ಅಳು ತಡೆದುಕೊಂಡು ಫೋನಿನಲ್ಲಿ ಮಾತು. ಸದ್ದು ಗುಂಯ್‌ಗುಡಬಾರದು ಅಂತ ಬಟ್ಟೆಯ ಕಪಾಟಿನೊಳಗೆ ತಲೆ ತೂರಿಸಿ, ಮೇಲೆ ರಜಾಯಿ ಹೊದ್ದು ರೆಕಾರ್ಡ್ ಮಾಡಿದೆ. ಮೇ ತಿಂಗಳು. ಅಳುವ ತುಣುಕಿನ ನಡುವೆ ಪಕ್ಕದ ಮನೆಯ ಕುಕ್ಕರ್ ಮೂರು ಸಲ ಕೂಗಿತು. ಹೆಂಡತಿ ಹೊರಗಿನಿಂದ “ಬದುಕಿದ್ದೀರಾ?” ಅಂತ ಕೇಳಿದ್ದೂ ಸೇರಿಕೊಂಡಿತು. ನಾಲ್ಕನೇ ಸಲಕ್ಕೆ ಸರಿಹೋಯಿತು. ಕಳಿಸಿ ಮೂರು ವಾರ ಸುದ್ದಿ ಇಲ್ಲ. ಧ್ವನಿಯನ್ನು ಸ್ಟುಡಿಯೋ ಒಪ್ಪಿದರೆ ಸಾಲದು, ಸಿನಿಮಾ ಕೊಂಡ ಓಟಿಟಿಯವರೂ ಒಪ್ಪಬೇಕು. ಮರೆತುಬಿಡೋಣ ಅಂದುಕೊಳ್ಳುವಷ್ಟರಲ್ಲಿ ಫೋನು ಬಂತು.

ನನ್ನ ಭಾವ ಬೆಂಗಳೂರಿನಲ್ಲಿದ್ದಾನೆ. ಅವನಿಗೆ ಹೇಳಿದರೆ “ಡಬ್ಬಿಂಗಾ?” ಅಂದ, ಕಳ್ಳಬಟ್ಟಿಯಾ ಅನ್ನುವ ಹಾಗೆ. ಅವನ ತಪ್ಪಲ್ಲ. ಅನಕೃ ಅವರ ಕಾಲದಿಂದ, ಅಂದರೆ 1960ರ ದಶಕದಿಂದ ಡಬ್ಬಿಂಗ್ ಬೇಡ ಅಂತ ಕನ್ನಡದಲ್ಲಿ ಗಟ್ಟಿ ಹೋರಾಟ ನಡೆದಿತ್ತು. ಆಗ ಅದಕ್ಕೆ ಕಾರಣವೂ ಇತ್ತು, ಬೇರೆ ಭಾಷೆಯ ಚಿತ್ರಗಳ ಎದುರು ಕನ್ನಡದ ಕಲಾವಿದರಿಗೆ ಕೆಲಸವೇ ಇರುವುದಿಲ್ಲ ಅನ್ನುವ ಭಯ. ಮುಂದೆ 2015ರಲ್ಲಿ ಸ್ಪರ್ಧಾ ಆಯೋಗ, ಡಬ್ಬಿಂಗ್ ತಡೆದದ್ದು ಕಾನೂನಿಗೆ ವಿರುದ್ಧ ಅಂತ ಕೆಲವು ಸಂಘಟನೆಗಳಿಗೆ ದಂಡ ಹಾಕಿತು. 2019ರ ಕೊನೆಗೆ ‘ದಬಂಗ್ 3’ ಕನ್ನಡದಲ್ಲೂ ಬಂತು. 2020ರ ಲಾಕ್‌ಡೌನಿನಲ್ಲಿ ಶೂಟಿಂಗ್ ನಿಂತಾಗ ಹಿಂದಿಯ ಮಹಾಭಾರತ ಧಾರಾವಾಹಿ ಕನ್ನಡ ಮಾತಾಡಿತು. ಭಾವ ಅದನ್ನು ಒಂದು ದಿನವೂ ಬಿಡದೆ ನೋಡಿದ್ದ. ಅದನ್ನು ನೆನಪಿಸಿದೆ. “ಅದು ದೇವರ ಕತೆ, ಬೇರೆ” ಅಂದ. ನಾನು ವಾದ ಮಾಡಲಿಲ್ಲ. ಕನ್ನಡ ಕಲಾವಿದರಿಗೆ ಕೆಲಸ ಇರಬೇಕು ಅನ್ನೋದು ಅವನ ಮಾತು. ನನಗೆ ಸಿಕ್ಕಿದ್ದೂ ಕೆಲಸವೇ ಅಲ್ವಾ?

ಡೊಂಬಿವಲಿಯಿಂದ ಫಾಸ್ಟ್ ಲೋಕಲ್‌ನಲ್ಲಿ ಘಾಟ್ಕೋಪರ್, ಅಲ್ಲಿಂದ ಮೆಟ್ರೋದಲ್ಲಿ ಆಜಾದ್ ನಗರ. ನಾಲ್ಕು ದಿನ ಹೀಗೆ ಹೋಗಿಬಂದೆ. ಲೋಕಲ್‌ನಲ್ಲಿ ಪರಿಚಯದವರು ಸಿಕ್ಕರೆ ಗಂಟಲು ಮುಟ್ಟಿ ತೋರಿಸಿ ಕೈ ಆಡಿಸುತ್ತಿದ್ದೆ. ಗದ್ದಲದಲ್ಲಿ ಮಾತಾಡಿದರೆ ಸ್ವರ ಅರ್ಧ ಅಲ್ಲೇ ಹೋಗುತ್ತದೆ. ಹಾಲು, ಮೊಸರು ಬೇಡ ಅಂದಿದ್ದರು, ಕಫ ಕಟ್ಟುತ್ತದೆ. ಬಿಸಿನೀರು, ಮತ್ತೆ ಒಂದು ಹಸಿರು ಸೇಬು. ಬಾಯಿ ಒಣಗಿದರೆ ಅಂಟಂಟಾಗಿ ಚಟ್ ಚಟ್ ಅನ್ನುತ್ತದೆ, ಹುಳಿ ಸೇಬಿನ ಒಂದು ಹೋಳು ಅಗಿದರೆ ನಿಲ್ಲುತ್ತದೆ. ಮಾವಿನಕಾಯಿಯೂ ಆಗಬಹುದು ಅಂತ ನಾನೇ ಕಂಡುಕೊಂಡೆ.

ನಿರ್ದೇಶನ ಮಾಡುತ್ತಿದ್ದವಳು ಹುಬ್ಬಳ್ಳಿಯ ಹುಡುಗಿ, ನನ್ನ ಮಗನಿಗಿಂತ ಚಿಕ್ಕವಳು. ನಾನು ಮೇಡಂ ಅನ್ನುತ್ತಿದ್ದೆ, ಅವಳು ಸರ್ ಅನ್ನುತ್ತಿದ್ದಳು. ಮೊದಲ ದಿನವೇ ಹೇಳಿದಳು, “ಸರ್, ನಿಮ್ಮ ಬಾಯಾಗ ಕುಂದಾಪುರ ಬರಬಾರದು, ನನ್ನ ಬಾಯಾಗ ಹುಬ್ಬಳ್ಳಿ ಬರಬಾರದು. ಇಬ್ಬರೂ ಕೂಡಿ ಬೆಂಗಳೂರು ಕನ್ನಡ ಮಾಡೋಣ್ರಿ.” ಇಂಗ್ಲಿಷ್ ನಟನಿಗೆ ಅಂಧೇರಿಯಲ್ಲಿ ಕೂತು ನಾವಿಬ್ಬರು ಬೆಂಗಳೂರು ಕನ್ನಡ ಮಾಡಿದ್ದು ಹೀಗೆ. ನನ್ನ ಬಾಯಿಂದ ಸಿಟ್ಟಿನ ಮಾತು ಬಂದಾಗಲೆಲ್ಲ ‘ಏನು’ ಹೋಗಿ ‘ಎಂತ’ ಬರುತ್ತಿತ್ತು. ಗಾಜಿನ ಆಚೆಯಿಂದ ಅವಳು ಬೆರಳು ಎತ್ತುತ್ತಿದ್ದಳು. ಸಿಟ್ಟಿಗೆ ಮಾತ್ರ ಊರಿನ ಬಾಯೇ ಬೇಕಾಗುತ್ತದೆ, ಯಾಕೋ ಗೊತ್ತಿಲ್ಲ.

ಕೆಲಸ ನಡೆಯುವ ರೀತಿ ಹೀಗೆ. ಸಿನಿಮಾವನ್ನು ಸಣ್ಣ ಸಣ್ಣ ತುಂಡು ಮಾಡಿರುತ್ತಾರೆ. ಒಂದು ತುಂಡಿಗೆ ಲೂಪ್ ಅನ್ನುತ್ತಾರೆ. ನನ್ನವು ಏಳುನೂರರ ಹತ್ತಿರ ಇದ್ದವು. ಎದುರು ಟಿವಿ ಪರದೆ, ಅದರ ಮೂಲೆಯಲ್ಲಿ ಓಡುವ ಸಮಯದ ಅಂಕಿ, ಪಕ್ಕದ ಸ್ಟ್ಯಾಂಡಿನಲ್ಲಿ ಕನ್ನಡದ ಹಾಳೆ. ಹೆಡ್‌ಫೋನಿನಲ್ಲಿ ಇಂಗ್ಲಿಷ್ ಕೇಳುತ್ತದೆ. ಒಂದು ಕಿವಿ ಮುಚ್ಚಿ, ಒಂದು ಕಿವಿ ತೆರೆದಿಟ್ಟುಕೊಂಡೆ, ನನ್ನ ಸ್ವರವೂ ನನಗೆ ಕೇಳಬೇಕಲ್ಲ. ಬೇರೆ ಪಾತ್ರದವರು ಯಾರೂ ಪಕ್ಕದಲ್ಲಿ ಇರುವುದಿಲ್ಲ. ಒಬ್ಬೊಬ್ಬರು ಬೇರೆ ಬೇರೆ ದಿನ ಬಂದು ತಮ್ಮದು ಮುಗಿಸಿ ಹೋಗುತ್ತಾರೆ. ನನ್ನ ‘ಮಗ’ನಿಗೆ ಸ್ವರ ಕೊಟ್ಟ ಹುಡುಗನನ್ನು ನಾನು ಇವತ್ತಿನವರೆಗೂ ಕಂಡಿಲ್ಲ. ಇಡೀ ಸಿನಿಮಾ ಅವನ ಜೊತೆ ಜಗಳ ಆಡಿದ್ದೇನೆ.

ಮೊದಲ ಎರಡು ಗಂಟೆ ಹಾಳೆ ನೋಡಬೇಕೋ ಬಾಯಿ ನೋಡಬೇಕೋ ತಿಳಿಯದೆ ಒದ್ದಾಡಿದೆ. ಬಾಯಿ ನೋಡಿದರೆ ತಡವಾಗುತ್ತದೆ. ಅವನು ಬಾಯಿ ತೆರೆದದ್ದು ಕಾಣುವಷ್ಟರಲ್ಲಿ ಮಾತು ಶುರುವಾಗಿರುತ್ತದೆ. ಆಮೇಲೆ ಗೊತ್ತಾಯಿತು, ಹೆಗಲು ನೋಡಬೇಕು. ಉಸಿರು ಎಳೆದರೆ ಹೆಗಲು ಎಳ್ಳಷ್ಟು ಏಳುತ್ತದೆ. ಅವನ ಜೊತೆ ನಾನೂ ಉಸಿರು ಎಳೆದರೆ ಮಾತು ತಾನಾಗಿ ಸರಿಯಾದ ಜಾಗದಲ್ಲಿ ಬೀಳುತ್ತದೆ. ಅವನು ಚೆನ್ನಾಗಿ ಮಾಡುವ ನಟ. ಮಾತಿಗೆ ಮುಂಚೆ ಮೂಗಿನಲ್ಲಿ ಸಣ್ಣಗೆ ಒಂದು ಉಸಿರು ಬಿಡುತ್ತಾನೆ, ತನಗೇ ಬೇಸರ ಬಂದವನ ಹಾಗೆ. ಎರಡನೇ ದಿನದ ಹೊತ್ತಿಗೆ ಅದು ನನಗೂ ಅಂಟಿತು. ಮನೆಯಲ್ಲಿ ಅನ್ನಕ್ಕೆ ಸಾರು ಹಾಕಿಸಿಕೊಳ್ಳುವಾಗಲೂ ಹಾಗೇ ಮಾಡಿದೆ. “ಬೇಡದಿದ್ದರೆ ಬೇಡ ಅನ್ನಿ” ಅಂದಳು ಹೆಂಡತಿ.

ತುಟಿ ಕೂಡಿಸುವುದು ಇನ್ನೊಂದು ತಲೆನೋವು. ಪ, ಬ, ಮ ಬಂದರೆ ತುಟಿ ಮುಚ್ಚಲೇಬೇಕು, ಅದು ನೋಡುವವರ ಕಣ್ಣಿಗೆ ಬೀಳುತ್ತದೆ. ಇಂಗ್ಲಿಷಿನಲ್ಲಿ ಎಷ್ಟೋ ಮಾತು ಮುಚ್ಚಿದ ತುಟಿಯಲ್ಲಿ ಮುಗಿಯುತ್ತವೆ. ನಮ್ಮ ಕನ್ನಡ ಸ್ವರದಲ್ಲಿ ಮುಗಿಯುವ ಭಾಷೆ, ಮಾತು ಮುಗಿದರೂ ಬಾಯಿ ತೆರೆದೇ ಇರುತ್ತದೆ. ಬುಡ್ಢಾ ಮಗನಿಗೆ “ಕಮ್ ಹೋಮ್” ಅನ್ನುತ್ತಾನೆ, ತುಟಿ ಗಟ್ಟಿ ಮುಚ್ಚಿಕೊಳ್ಳುತ್ತದೆ. ನನ್ನ ಹಾಳೆಯಲ್ಲಿ ‘ಮನೆಗೆ ಬಾ’ ಅಂತಿದೆ. ಅವನ ಬಾಯಿ ಮುಚ್ಚಿದೆ, ನಾನು ‘ಬಾಆ’ ಅನ್ನುತ್ತಿದ್ದೇನೆ. ಐದಾರು ಸಲ ಮಾಡಿದೆವು. ಕನ್ನಡದ ಒಂದಕ್ಷರವೂ ಬಾರದ ಆ ರೆಕಾರ್ಡಿಂಗ್ ಹುಡುಗ, ಬಿಹಾರದವನು, “ಅಂಕಲ್, ಲಿಪ್ ಖಾಲಿ ಜಾ ರಹಾ ಹೈ” ಅಂತ ಪ್ರತಿ ಸಲ ಹಿಡಿಯುತ್ತಿದ್ದ. ಕೊನೆಗೆ ಮೇಡಂ ದಾರಿ ಹುಡುಕಿದಳು. “ಮನೆಗೆ ಬಾ, ಹ್ಮ್?” ಮಗುವನ್ನು ಓಲೈಸುವ ಹಾಗೆ. ‘ಹ್ಮ್’ ಅಂದಾಗ ಅವನ ತುಟಿಯೂ ನನ್ನ ತುಟಿಯೂ ಒಟ್ಟಿಗೆ ಮುಚ್ಚಿದವು. ಹುಡುಗ ಗಾಜಿನ ಆಚೆ ಹೆಬ್ಬೆರಳು ಎತ್ತಿದ.

ಹಾಳೆಯಲ್ಲಿದ್ದ ಕನ್ನಡದ ಬಗ್ಗೆ ಒಂದು ಮಾತು. ಅನುವಾದ ಮಾಡಿದವರು ಯಾರೋ ಗೊತ್ತಿಲ್ಲ, ಗಡಿಬಿಡಿಯಲ್ಲಿ ಮಾಡಿದ್ದರು. ‘ಓ ನನ್ನ ದೇವರೇ’ ಅಂತ ಬರೆದಿತ್ತು. ಹಾಗೆ ಯಾರು ಹೇಳುತ್ತಾರೆ? ‘ಅಯ್ಯೋ ದೇವ್ರೇ’ ಮಾಡಿದೆವು. ‘ನೀನು ನನ್ನೊಂದಿಗೆ ಹಾಸ್ಯ ಮಾಡುತ್ತಿರುವೆಯಾ’ ಇದ್ದದ್ದು ‘ಏನ್ ತಮಾಷೆನಾ?’ ಆಯಿತು. ಇದಕ್ಕೆಲ್ಲ ಹೊತ್ತು ಹಿಡಿಯುತ್ತದೆ. ನಾಲ್ಕು ದಿನದಲ್ಲಿ ಒಂದು ಇಡೀ ದಿನ ಹಾಳೆ ತಿದ್ದುವುದರಲ್ಲೇ ಹೋಯಿತು ಅಂದರೆ ಸುಳ್ಳಲ್ಲ.

ಅದರಲ್ಲಿ ಒಂದು ಮಾತು ಮಾತ್ರ ನಮ್ಮನ್ನು ಒಂದು ಗಂಟೆ ಕೂರಿಸಿತು. ಮಗ ಊರಿಗೆ ಹೊರಟಿದ್ದಾನೆ, ಟ್ಯಾಕ್ಸಿಯ ಬಾಗಿಲು ಹಾಕಿ ಆಗಿದೆ. ಬುಡ್ಢಾ ಕಿಟಕಿಗೆ ಬಗ್ಗಿ “ಐ ಲವ್ ಯೂ” ಅನ್ನುತ್ತಾನೆ. ಹಾಳೆಯಲ್ಲಿ ‘ನಾನು ನಿನ್ನನ್ನು ಪ್ರೀತಿಸುತ್ತೇನೆ’. ಮೂರು ಅಕ್ಷರದ ಬಾಯಿಗೆ ಹತ್ತು ಅಕ್ಷರ ತುರುಕುವುದು ಹೇಗೆ? ಅದು ಬಿಡಿ, ಕನ್ನಡದ ಯಾವ ಅಪ್ಪ ಮಗನಿಗೆ ಹೀಗೆ ಹೇಳುತ್ತಾನೆ? ಮೇಡಂ ಕೇಳಿದಳು, “ನಿಮ್ಮ ಕಡೆ ಅಪ್ಪಂದಿರು ಏನಂತಾರ್ರೀ?”

ನನಗೆ ಕುಂದಾಪುರದ ಬಸ್ ಸ್ಟ್ಯಾಂಡ್ ಕಣ್ಣಿಗೆ ಬಂತು. ಕೊಂಕಣ ರೈಲು ಪೂರ್ತಿ ಓಡಲು ಶುರುವಾದದ್ದು 1998ರಲ್ಲಿ. 1977ರಲ್ಲಿ ನಮಗೆಲ್ಲ ಬಸ್ಸೇ ಗತಿ. ಅಪ್ಪ ನನ್ನ ಟ್ರಂಕನ್ನು ಸೀಟಿನ ಕೆಳಗೆ ನೂಕಿ, ಕೆಳಗಿಳಿದು, ಕಿಟಕಿಯ ಸರಳು ಹಿಡಿದು ನಿಂತಿದ್ದರು. ಬಸ್ಸು ಹೊರಡಲು ಅರ್ಧ ಗಂಟೆ ತಡವಾಯಿತು. ಅಷ್ಟೂ ಹೊತ್ತು ಅವರು ಡ್ರೈವರನ್ನೇ ನೋಡುತ್ತಿದ್ದರು. ಬಸ್ಸು ಅಲುಗಿದಾಗ “ಹುಷಾರು” ಅಂದರು. ಅಷ್ಟೇ.

“ಹುಷಾರು ಅಂತಾರೆ” ಅಂದೆ.

ಮೂರು ಅಕ್ಷರ. ಅವನ ‘ಯೂ’ಗೆ ತುಟಿ ಮುಂದೆ ಬಂದು ಗುಂಡಗಾಗುತ್ತದೆ, ನನ್ನ ‘ರು’ಗೂ ಹಾಗೇ. ಒಂದೇ ಟೇಕು. ಹುಡುಗ ಪ್ಲೇ ಮಾಡಿ ತೋರಿಸಿದ. ಆ ಬಿಳಿ ಮುದುಕ ಟ್ಯಾಕ್ಸಿಯ ಕಿಟಕಿಗೆ ಬಗ್ಗಿ ‘ಹುಷಾರು’ ಅಂದ. ಮೇಡಂ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಚಹಾ ತರಿಸಿದಳು. ನನಗೆ ಹಾಲಿಲ್ಲದ್ದು.

ಹತ್ತು ದಿನದ ಮೇಲೆ ಮೇಲಿನವರ ತಪಾಸಣೆಯ ಪಟ್ಟಿ ಬಂತು. ‘ಮೂಲದ ಅರ್ಥ ಬದಲಾಗಿದೆ, ಮತ್ತೆ ರೆಕಾರ್ಡ್ ಮಾಡಿ.’ ಹೋಗಿ ‘ಲವ್ ಯೂ ಕಣೋ’ ಅಂತ ಹೇಳಿ ಬಂದೆ. ಅದಕ್ಕೆ ಬೇರೆ ದುಡ್ಡಿಲ್ಲ, ಒಪ್ಪಂದದಲ್ಲೇ ಇದೆ.

ಇನ್ನು ಮೂರನೇ ದಿನದ ಕತೆ. ಕಿರುಚುವ ದೃಶ್ಯಗಳನ್ನೆಲ್ಲ ದಿನದ ಕೊನೆಗೆ ಇಡುತ್ತಾರೆ, ಮೊದಲೇ ಕಿರುಚಿದರೆ ಆಮೇಲೆ ಗಂಟಲು ಇರುವುದಿಲ್ಲ. ಅವತ್ತು ಅದಕ್ಕೂ ಮುಂಚೆ ಒಂದು ಆಡಿಶನ್ ದೃಶ್ಯ ಇತ್ತು. ಬುಡ್ಢಾ ಒಬ್ಬ ದಿನಸಿ ಅಂಗಡಿಯವನ ಪಾತ್ರಕ್ಕೆ ಓದಲು ಹೋಗುತ್ತಾನೆ. ನಾಲ್ಕು ಸಾಲು. ಎದುರು ಮೂರು ಜನ ಹುಡುಗರು. ಓದುತ್ತಾನೆ, ಕೆಟ್ಟದಾಗಿ ಓದುತ್ತಾನೆ. ಅವರು “ಥ್ಯಾಂಕ್ಯೂ” ಅನ್ನುತ್ತಾರೆ. ಸಿನಿಮಾದ ಜೀವ ಇರುವುದೇ ಆ ದೃಶ್ಯದಲ್ಲಿ.

ನಾನು ಆರಾಮ್ ನಗರ ನೆನಪಿಸಿಕೊಂಡು, ಇದು ನನಗೆ ನೀರು ಕುಡಿದ ಹಾಗೆ ಅಂದುಕೊಂಡು, ಮಾಡಿದೆ. ಮಾತು ಕೂಡಿತು, ಉಸಿರು ಕೂಡಿತು, ಎಲ್ಲ ಕೂಡಿತು. ಮೇಡಂ ಮೈಕಿನಲ್ಲಿ, “ಭಾಳ ಛಲೋ ಬಂತ್ರಿ ಸರ್. ಅದಕ್ಕ ಬ್ಯಾಡ.”

ಹೌದಲ್ಲ, ಅವನು ಕೆಟ್ಟದಾಗಿ ಮಾಡಬೇಕು. ಎರಡನೇ ಸಲ ಬೇಕೆಂದೇ ಕೆಡಿಸಿದೆ. ತಡವರಿಸಿದೆ, ಸ್ವರ ನಡುಗಿಸಿದೆ. “ಈಗ ಕಾಮಿಡಿ ಆತ್ರಿ” ಅಂದಳು. ಮೂರನೇ ಸಲ ಸಪ್ಪೆಯಾಗಿ ಓದಿದೆ. “ಸಪ್ಪೆ ಅಲ್ಲ ಸರ್. ಅವನಿಗೆ ಗೊತ್ತಿಲ್ಲ ಕೆಟ್ಟದಾಗಿ ಮಾಡ್ತಿದೀನಿ ಅಂತ. ಅವನು ತನ್ನ ಕೈಲಾದಷ್ಟು ಒಳ್ಳೇದು ಮಾಡ್ತಾ ಇದಾನೆ.” ಗಂಭೀರ ಆದಾಗ ಅವಳ ಬಾಯಲ್ಲಿ ಹುಬ್ಬಳ್ಳಿ ಮಾಯ ಆಗುತ್ತಿತ್ತು.

ಏಳೆಂಟು ಟೇಕು ಆಯಿತು. ಹುಡುಗ ಎದ್ದು ಹೋಗಿ ಮುಖ ತೊಳೆದು ಬಂದ. ನಾನು ಹೆಡ್‌ಫೋನ್ ತೆಗೆದು ಬುಡ್ಢಾನ ಮುಖವನ್ನು ಸದ್ದಿಲ್ಲದೆ ಎರಡು ಸಲ ನೋಡಿದೆ. ಎದೆ ಉಬ್ಬಿಸಿ ನಿಂತಿದ್ದಾನೆ. ಗಲ್ಲ ಸ್ವಲ್ಪ ಮೇಲೆ. ಕಣ್ಣು ಎದುರಿನ ಮೂವರ ಮೇಲಿಲ್ಲ, ಅವರ ತಲೆಯ ಮೇಲೆ ಎಲ್ಲೋ ಹಿಂದೆ, ಅಲ್ಲಿ ನೂರಾರು ಜನ ಕೂತಿರುವ ಹಾಗೆ.

ಆ ನಿಲುವು ನನಗೆ ಗೊತ್ತಿತ್ತು. ನನ್ನ ಕಪ್ಪುಗಳ ಪಕ್ಕದಲ್ಲಿ ಇಟ್ಟಿರುವ ಫೋಟೋದಲ್ಲಿ ನಾನು ನಿಂತಿರುವುದೂ ಹಾಗೇ.

ದಿಂಬು ಕೆಳಗಿಟ್ಟೆ. ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿದೆ. ಮಾಟುಂಗದ ಆ ವೇದಿಕೆಯಲ್ಲಿ ಕೊನೆಯ ಸಾಲಿಗೆ ಮುಟ್ಟಿಸುತ್ತಿದ್ದ ಸ್ವರ ತೆಗೆದು ನಾಲ್ಕು ಸಾಲನ್ನೂ ಹೇಳಿದೆ. ಬೇಕೆಂದು ಕೆಡಿಸಲಿಲ್ಲ. ಆಗ ಹೇಗೆ ಹೇಳುತ್ತಿದ್ದೆನೋ ಹಾಗೇ, ಪೂರ್ತಿ ಮನಸ್ಸಿಟ್ಟು, ಪ್ರತಿ ಅಕ್ಷರಕ್ಕೂ ತೂಕ ಕೊಟ್ಟು. ಅಕ್ಕಿ ಕಿಲೋಕ್ಕೆ ಎಷ್ಟು ಅನ್ನುವ ಮಾತು ಅದು.

“ಓಕೆ!” ಅಂದಳು. ಕುರ್ಚಿಯಿಂದ ಎದ್ದು ನಿಂತಿದ್ದಳು. “ಸರ್, ಪರ್ಫೆಕ್ಟ್! ಹೆಂಗ್ ಮಾಡಿದ್ರಿ?”

ಸ್ವಲ್ಪ ಬ್ರೇಕ್ ಬೇಕು ಅಂದೆ. ಶರ್ಟು ಹಾಕಿಕೊಂಡು ಕೆಳಗಿಳಿದು, ರಸ್ತೆ ದಾಟಿ, ಒಂದು ವಡಾಪಾವ್ ತಿಂದೆ. ಎಣ್ಣೆ, ಖಾರ ಎರಡೂ ಗಂಟಲಿಗೆ ಆಗದು ಅಂದಿದ್ದರು. ಹಸಿಮೆಣಸಿನಕಾಯಿ ಕೂಡ ಬಿಡದೆ ತಿಂದೆ. ಅವತ್ತು ಕಿರುಚುವ ದೃಶ್ಯ ಚೆನ್ನಾಗಿ ಬಂತು ಅಂತ ಎಲ್ಲರೂ ಹೇಳಿದರು.

ನಾಲ್ಕನೇ ದಿನ ಉಳಿದ ಸಣ್ಣಪುಟ್ಟದ್ದು. ಅದಕ್ಕೆ ರಿಯಾಕ್ಷನ್ ಅನ್ನುತ್ತಾರೆ. ಅವನು ಮೆಟ್ಟಿಲು ಹತ್ತುವ ಏದುಸಿರು, ಸೂಪು ಕುಡಿಯುವ ಸದ್ದು, ನಿದ್ದೆಯ ನರಳಿಕೆ, ಮುಖ ತೊಳೆಯುವಾಗಿನ ‘ಉಫ್’. ಒಂದು ಮುತ್ತು ಇತ್ತು, ಅಂಗೈ ಹಿಂಭಾಗಕ್ಕೆ ಕೊಟ್ಟು ಮುಗಿಸಿದೆ. ಮಾತಿಲ್ಲದ ಉಸಿರೂ ಬೇಕು, ಇಲ್ಲದಿದ್ದರೆ ಪಾತ್ರ ಸತ್ತವನ ಹಾಗೆ ಕಾಣುತ್ತದೆ.

ದುಡ್ಡಿನ ವಿಷಯ ಕೇಳುವವರಿಗೆ: ಇಡೀ ಸಿನಿಮಾಕ್ಕೆ 12,000 ರೂಪಾಯಿ. ಬಿಲ್ಲು, ಪ್ಯಾನ್ ಕಾರ್ಡಿನ ನಕಲು, ಕ್ಯಾನ್ಸಲ್ ಮಾಡಿದ ಚೆಕ್ಕು ಕೊಡಬೇಕು. ಟಿಡಿಎಸ್ ಹಿಡಿದು 10,800 ಬಂತು. ತೊಂಬತ್ತು ದಿನಕ್ಕೆ ಅಂದಿದ್ದರು, ನೂರಿಪ್ಪತ್ತಕ್ಕೆ ಬಂತು. ನಡುವೆ ನಾಲ್ಕು ಸಲ ಫೋನ್ ಮಾಡಿದೆ. ಮಾಡದಿದ್ದರೆ ಬರುವುದಿಲ್ಲ. ಹೊಸಬರು ಯಾರಾದರೂ ಈ ಕೆಲಸಕ್ಕೆ ಹೋಗುವುದಾದರೆ ಸಂಕೋಚ ಬೇಡ, ಫೋನ್ ಮಾಡುತ್ತಲೇ ಇರಿ.

ಸಿನಿಮಾ ಬಂದ ಶುಕ್ರವಾರ ರಾತ್ರಿ ಊಟ ಮುಗಿಸಿ ಟಿವಿ ಮುಂದೆ ಕೂತೆವು. ಹಾಕಿದ ತಕ್ಷಣ ಇಂಗ್ಲಿಷ್ ಮಾತಾಡಿತು. ಆಡಿಯೋ ಅಂತ ಇರುವಲ್ಲಿ ಹೋಗಿ, ಕೆಳಗೆ, ಇನ್ನೂ ಕೆಳಗೆ ಇಳಿದರೆ ಕನ್ನಡ ಸಿಕ್ಕಿತು. ಹೆಂಡತಿ ಹತ್ತು ನಿಮಿಷ ನಗುತ್ತಲೇ ಇದ್ದಳು. ಆ ಕೋಟು ಹ್ಯಾಟಿನ ಮನುಷ್ಯ ಬಾಯಿ ತೆರೆದರೆ ಮನೆಯವರ ಸ್ವರ! ಆಮೇಲೆ ನಗು ನಿಂತಿತು. ಆಡಿಶನ್ ದೃಶ್ಯ ಬಂದಾಗ ನಾನು ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಅಲ್ಲಿಗೂ ಕೇಳಿತು. ಮೈಕಿಲ್ಲದಿದ್ದರೂ ಕೇಳುವ ಸ್ವರ ಅದು.

ವಾಪಸ್ ಬಂದಾಗ ಅವಳು ಕೇಳಿದಳು, “ಇಲ್ಲಿ ನೀವು ಹಳೆ ನಾಟಕದ ಹಾಗೆ ಮಾಡಿದ್ದು ಯಾಕೆ?”

“ಮೇಡಂ ಹಾಗೆ ಬೇಕು ಅಂದರು.”

ಟ್ಯಾಕ್ಸಿ ಕಿಟಕಿಯಲ್ಲಿ ‘ಲವ್ ಯೂ ಕಣೋ’ ಇತ್ತು. ಕೆಟ್ಟದಾಗೇನೂ ಇರಲಿಲ್ಲ.

ಡಬ್ಬಿಂಗ್ ಮಾಡಿದವರ ಹೆಸರು ಎಲ್ಲದರ ಕೊನೆಗೆ ಬರುತ್ತದೆ. ಕಾಯುತ್ತಿದ್ದೆವು. ಅಷ್ಟರಲ್ಲಿ ಟಿವಿ ತಾನಾಗಿ ಮುಂದಿನ ಸಿನಿಮಾಕ್ಕೆ ಹಾರಲು ಎಣಿಸತೊಡಗಿತು. ಐದು, ನಾಲ್ಕು. ಹೆಂಡತಿ ರಿಮೋಟ್ ಹುಡುಕಿದಳು, ಅದು ನನ್ನ ಕೆಳಗೆ ಇತ್ತು. ಸಿಗುವಷ್ಟರಲ್ಲಿ ಯಾರೋ ಮಂಜಿನಲ್ಲಿ ಕುದುರೆ ಓಡಿಸುತ್ತಿದ್ದರು. ಮರುದಿನ ಮಗ ಕೆನಡಾದಿಂದ ಫೋಟೋ ಹಿಡಿದು ಕಳಿಸಿದ. ನನ್ನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿತ್ತು. ಅವನೂ ಸಿನಿಮಾ ನೋಡಿದನಂತೆ, ಅರ್ಧ ಕನ್ನಡದಲ್ಲಿ, ಅರ್ಧ ಇಂಗ್ಲಿಷಿನಲ್ಲಿ. ಅವನ ಹೆಂಡತಿಗೆ ಕನ್ನಡ ಬರುವುದಿಲ್ಲ.

ಹೋದ ಸೋಮವಾರ ಮೇಡಂ ಫೋನ್ ಮಾಡಿದ್ದಳು. ಮಕ್ಕಳ ಕಾರ್ಟೂನಂತೆ, ಅದರಲ್ಲಿ ಒಂದು ಮುದಿ ಕರಡಿ. “ಎರಡೇ ಮಾತು ಸರ್, ಉಳಿದದ್ದೆಲ್ಲ ಗೊರಕೆ. ಆದ್ರ ಟೆಸ್ಟ್ ಕಳಸಬೇಕ್ರಿ.”

ಕಪಾಟಿನ ಬಟ್ಟೆ ಸರಿಸಿ ರಜಾಯಿ ಹುಡುಕುತ್ತಿದ್ದೆ. ಯಾಕೆ ಅಂತ ಹೆಂಡತಿ ಕೇಳಿದಳು. ಹೇಳಿದೆ.

“ಗೊರಕೆಗೂ ಟೆಸ್ಟಾ? ರಾತ್ರಿ ಫೋನು ಆನ್ ಮಾಡಿ ನನ್ನ ಕೈಗೆ ಕೊಡಿ” ಅಂದಳು.